ಬಾಣಂತಿಗೆ ತಂದ ಕೆಂಪು ಬಲ್ಬು

ದಾವಣಗೆರೆಯ ಅರ್ಧ ಮದುವೆಗಳಿಗೆ ಬೆಳಕು ಕೊಟ್ಟವನು ನಾನು, ನಾಗಭೂಷಣ! ಚಪ್ಪರದ ಸೀರಿಯಲ್ ಸೆಟ್ಟಿನಿಂದ ಹಿಡಿದು ಮದುಮಗಳ ಮುಖಕ್ಕೆ ಬೀಳುವ ಫೋಕಸ್ ಲೈಟಿನವರೆಗೆ ಎಲ್ಲವೂ ನನ್ನ ಅಂಗಡಿಯದೇ. ಅಂಥವನ ಹೆಂಡತಿಗೆ ಬೆಳಕಿನ ಚಿಕಿತ್ಸೆ ಬೇಕೆಂದಾಗ ನಾನು ಇನ್ನೊಬ್ಬರ ಬಾಗಿಲು ತಟ್ಟುವುದೇ? ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಅಲೆಯುವ ಪೈಕಿ ನಾನಲ್ಲ ಎಂದುಕೊಂಡೆ.

ಸಂಗತಿ ಇಷ್ಟೇ. ನನ್ನ ಹೆಂಡತಿ ನಯನಾ ಚೊಚ್ಚಲ ಬಾಣಂತನಕ್ಕೆ ಹರಿಹರದ ತವರಿನಲ್ಲಿದ್ದಳು, ರಾತ್ರಿ ನಾನೂ ಅಲ್ಲೇ ಮಲಗುತ್ತಿದ್ದೆ. ಮಗಳು ಮುತ್ತಿನಂಥವಳು, ಹಾಲು ಕುಡಿಯುವಾಗ ಮಾತ್ರ ರಾಕ್ಷಸಿ. ನಯನಾಳ ಮೊಲೆತೊಟ್ಟುಗಳು ಒಡೆದು ರಕ್ತ ಜಿನುಗುತ್ತಿತ್ತು. ಕೂಸು ಬಾಯಿ ತೆರೆದರೆ ಇವಳು ಕಣ್ಣು ಮುಚ್ಚಿ ಹಲ್ಲು ಕಚ್ಚುತ್ತಿದ್ದಳು.

"ಡಬ್ಬಿ ಹಾಲು ಹಾಕಿಬಿಡೋಣ" ಎಂದೆ.

"ನನ್ನ ಕೂಸಿಗೆ ನನ್ನ ಹಾಲೇ ಕುಡಿಸ್ತೀನಿ. ನೋವಿಗೆ ಏನಾರ ದಾರಿ ಹುಡುಕ್ರಿ" ಎಂದು ಕಣ್ಣೊರೆಸಿಕೊಂಡಳು.

ದಾರಿ ಇತ್ತು. ದಾವಣಗೆರೆಯ ಡಾಕ್ಟರ್ ಸುಮಾ ಫೋನಿನಲ್ಲಿ, "ಕರ್ಕೊಂಡು ಬರ್ರಿ. ಕೂಸನ್ನ ಹೆಂಗೆ ಹಿಡೀತಾರೆ ನೋಡ್ತೀನಿ. ಗಾಯಕ್ಕೆ ಕೆಂಪು ಬೆಳಕಿನ ಚಿಕಿತ್ಸೆ ಕೊಡೋಣ, ಕೆಲವರಿಗೆ ನೋವು ಕಡಿಮೆ ಆಗ್ತೈತೆ" ಎಂದಿದ್ದರು. ಅಡ್ಡ ನಿಂತವರು ನಮ್ಮತ್ತೆ ಬಸವಣ್ಣೆಮ್ಮ.

"ಹಸಿ ಬಾಣಂತಿ ಹೊಸ್ತಿಲು ದಾಟೋದಾ? ಮೈಯಾಗೆ ಗಾಳಿ ಹೊಕ್ಕರೆ ಜಲ್ಮ ಪೂರ್ತಿ ಸೊಂಟ ಹಿಡ್ಕೊಂತೈತೆ. ಬ್ಯಾಡ."

ಅತ್ತೆ ಬ್ಯಾಡ ಎಂದರೆ ತುಂಗಭದ್ರೆ ಕೂಡ ಒಂದು ಗಳಿಗೆ ನಿಂತು ಯೋಚಿಸುತ್ತಾಳೆ. ನಾನು ಎದೆ ಸೆಟೆಸಿದೆ. "ಬಾಣಂತಿ ಬೆಳಕಿನ ಹತ್ರ ಯಾಕ ಹೋಗ್ಬೇಕು? ಬೆಳಕನ್ನೇ ಬಾಣಂತಿ ಹತ್ರ ತರ್ತೀನಿ!"

ಅಂಗಡಿಗೆ ಓಡಿ ಹುಡುಕಿದೆ. ಸೀರಿಯಲ್ ಸೆಟ್ಟಿನ ಕೆಂಪು ಮಿಣುಕುಗಳು ಈ ಮಹಾಕಾರ್ಯಕ್ಕೆ ಸಾಲವು ಅನ್ನಿಸಿತು. ಕೊನೆಗೆ ಹಿಂದಿನ ಕಪಾಟಿನಲ್ಲಿ ಸಿಕ್ಕಿತು ನೋಡಿ, ಕುಂಬಳಕಾಯಿಯಂಥ ಕೆಂಪು ಬಲ್ಬು. ಹದಡಿಯ ಗಿರಾಕಿಯೊಬ್ಬ ಹೇಳಿ ತರಿಸಿದ್ದು. ಅವನಿಗೆ ಇನ್ನೊಂದು ತರಿಸಿದರಾಯಿತು ಎಂದು ಹರಿಹರದ ಬಸ್ಸು ಹತ್ತಿದೆ.

ಬಾಣಂತಿ ಕೋಣೆಯಲ್ಲಿ ಸ್ಟ್ಯಾಂಡು ನಿಲ್ಲಿಸಿ ಸ್ವಿಚ್ಚು ಒತ್ತಿದೆ. ಗೋಡೆ, ತೊಟ್ಟಿಲು, ಅತ್ತೆಯ ಮುಖ, ಎಲ್ಲವೂ ಕೆಂಪಾದವು. ಅತ್ತೆಯ ಮುಖ ಮಾತ್ರ ಬಲ್ಬು ಆರಿಸಿದ್ದರೂ ಕೆಂಪಗೇ ಇರುತ್ತಿತ್ತು, ಯಾಕೆಂದರೆ ಅವರ ಕೈಯಲ್ಲಿ ಬಲ್ಬಿನ ಡಬ್ಬಿ ಇತ್ತು. ಡಬ್ಬಿಯ ಮೇಲೆ ಸಾಲಾಗಿ ಕೋಳಿಮರಿಗಳು.

"ಏನ್ರಿ ಇದು?"

"ಅದು... ಫಾರಂನಾಗೆ ಮರಿಗಳಿಗೆ ಕಾವು ಕೊಡೋ ಬಲ್ಬು, ಅತ್ತೆ. ಬೆಳಕಿಗೆ ಯಾವ ಜಾತಿ?"

"ಲಿಂಗಪೂಜೆ ಮಾಡೋ ಮನ್ಯಾಗೆ ಮೊಟ್ಟೆ ಸಹಿತ ಬಂದಿಲ್ಲ. ನೀವು ಕೋಳಿ ಬಲ್ಬು ತಂದೀರಲ್ರೀ!"

ನಯನಾ ಕೂಸನ್ನು ಅಪ್ಪಿಕೊಂಡು ಗೋಡೆಗೆ ಸರಿದಳು. "ಮೊದ್ಲು ನಿಮ್ಮ ಎದಿ ಮ್ಯಾಲೆ ಬಿಟ್ಕೊಂಡು ನೋಡ್ರಿ."

ಬೆಳಕಿನ ವ್ಯಾಪಾರಿ ಬೆಳಕಿಗೆ ಹೆದರುವುದುಂಟೇ? ಅಂಗಿ ಬಿಚ್ಚಿ ಬಲ್ಬಿನ ಮುಂದೆ ವಿರಾಜಮಾನನಾದೆ. ಚಳಿಗಾಲದ ಬಿಸಿಲಿಗೆ ಕಟ್ಟೆ ಮೇಲೆ ಕೂತಷ್ಟು ಹಿತವಾಗಿತ್ತು. ಕೂಸಿನ ಅಳುವಿಗೆ ಎದ್ದೆದ್ದು ನಿದ್ದೆಗೆಟ್ಟಿದ್ದೆ, ಕಣ್ಣು ಎಳೆಯಿತು. ತೂಕಡಿಸಿ ಮುಂದಕ್ಕೆ ವಾಲಿದೆ.

ನಾನು ಕಿರುಚಿದ್ದಕ್ಕೆ ಕೂಸು ಬೆಚ್ಚಿ ಅತ್ತಿತು. ಅತ್ತೆ ಚೊಂಬಿನ ತಣ್ಣೀರು ಎದೆಗೆ ಸುರಿದರು. ಸುಟ್ಟಿದ್ದು ಎಡಗಡೆ, ಸರಿಯಾಗಿ ತೊಟ್ಟಿನ ಮೇಲೆ. ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ನಯನಾ ನಕ್ಕಳು. ಹೆರಿಗೆಯಾದ ಮೇಲೆ ಅವಳು ನಕ್ಕಿದ್ದು ಅದೇ ಮೊದಲು.

"ಈಗ ಗೊತ್ತಾತಾ, ನನಗೆ ಹೆಂಗೆ ಉರೀತೈತೆ ಅಂತ?"

ಗೊತ್ತಾಗಿತ್ತು. ಅಂಗಿ ತಾಗಿದರೂ ಜೀವ ಹೋಗುತ್ತಿತ್ತು. ಇವಳು ಇಂಥ ಗಾಯವನ್ನೇ ಮತ್ತೆ ಮತ್ತೆ ಕೂಸಿನ ಬಾಯಿಗಿಡುತ್ತಿದ್ದಳಲ್ಲ ಎಂದು ನಾಚಿಕೆಯಾಯಿತು.

ಅತ್ತೆ ನಯನಾಳ ತಲೆಗೆ ಕುಲಾವಿ ಕಟ್ಟಿ, ಕಿವಿಗೆ ಹತ್ತಿಯಿಟ್ಟು, ಶಾಲು ಹೊದಿಸಿದರು. "ಕಾರು ಕರೆಸ್ರಿ. ಇಬ್ಬರೂ ಹೋಗ್ರಿ. ಇಲ್ಲಾಂದ್ರೆ ನಾಳೆ ಇನ್ನೇನು ಹೊತ್ಕೊಂಡು ಬರ್ತೀರೋ. ಗಾಳಿಗಿಂತ ನಿಮ್ಮದೇ ಭಯ ನನಗೆ."

ಕ್ಲಿನಿಕ್ಕಿನ ತುಂಬ ಬಾಣಂತಿಯರು. ನರ್ಸು ಕೇಳಿದಳು, "ಪೇಶೆಂಟ್ ಯಾರು? ಏನು ತೊಂದರೆ?"

"ತೊಟ್ಟಿನ ಗಾಯ" ಎಂದಳು ನಯನಾ. "ಇಬ್ಬರಿಗೂ."

ಅಷ್ಟೂ ಬಾಣಂತಿಯರು ನನ್ನ ಅಂಗಿಯನ್ನೇ ನೋಡಿದರು.

ಡಾಕ್ಟರ್ ಸುಮಾ ಕೂಸಿನ ಬಾಯಿ ಅಗಲವಾಗಿ ತೆರೆಸಿ ಎದೆಗೆ ಹಿಡಿಸಿದರು. ಅದು ಇಷ್ಟು ದಿನ ಬರೀ ತುದಿ ಕಚ್ಚುತ್ತಿತ್ತಂತೆ. ಆಮೇಲೆ ಟಾರ್ಚಿನಂಥ ಪುಟ್ಟ ಯಂತ್ರದಿಂದ ಗಾಯಕ್ಕೆ ಕೆಂಪು ಬೆಳಕು ಬಿಟ್ಟರು. ನಾನು ಬೆರಳು ಒಡ್ಡಿ ನೋಡಿದೆ. "ಬಿಸಿನೇ ಇಲ್ಲವಲ್ಲ ಮೇಡಂ?"

"ಇದು ಕಾಯಿಸೋ ಬೆಳಕಲ್ರೀ. ನೀವು ಲೈಟಿನ ಅಂಗಡಿ ಇಟ್ಟೋರಲ್ವಾ?"

"ನನಗೂ ಒಂಚೂರು ಬಿಡ್ತೀರಾ?"

"ನಿಮಗೆ ಮುಲಾಮು ಸಾಕು. ಬೆಳಕು ಆಗ್ಲೇ ಹೆಚ್ಚಾಗೈತೆ."

ಕೆಲವು ಸಲ ಹೋಗಿಬಂದ ಮೇಲೆ ನಯನಾ ಹಲ್ಲು ಕಚ್ಚದೆ ಹಾಲೂಡಿಸಿದಳು. ನೋಡಿ ನನ್ನ ಕಣ್ಣು ತುಂಬಿತು. ಬಾಣಂತಿ ಅಷ್ಟು ಸಲ ಹೊಸ್ತಿಲು ದಾಟಿದರೂ ಸೊಂಟ ಹಿಡಿಯಲಿಲ್ಲ. ನನ್ನ ಗಾಯ ಮಾತ್ರ ಇನ್ನೂ ಮಾದಿರಲಿಲ್ಲ. ಅಂಗಡಿಗೆ ಹೊರಡೋಣವೆಂದು ಚಪ್ಪಲಿ ಮೆಟ್ಟಿದೆ.

ಅತ್ತೆ ಅಡ್ಡ ಬಂದು ನನ್ನ ತಲೆಗೆ ಕುಲಾವಿ ಕಟ್ಟಿದರು. ಬಾಣಂತಿ ಖಾರ ಕಲಸಿದ ಅನ್ನದ ತಟ್ಟೆ ಕೈಗಿಟ್ಟರು.

"ಅವಳದು ಮಾದೈತೆ, ಬೇಕಾದಲ್ಲಿ ಹೋಗ್ಲಿ. ನಿಮ್ಮದಿನ್ನೂ ಹಸಿ ಮೈ. ಹೊಸ್ತಿಲು ದಾಟಬ್ಯಾಡ್ರಿ."