ರ‍್ಯಾಂಪು ಸಾರಿಸಿದ ಪುಣ್ಯ

ದೇವರ ದಯದಿಂದ ನನಗೆ ಬಾರದ ಕೆಲಸವೇ ಇಲ್ಲ ಎಂದು ಈ ಶ್ರಾವಣದವರೆಗೂ ನಾನು ನಂಬಿದ್ದೆ. ಮೋಡ ಕವಿದ ದಿನಗಳಲ್ಲೂ ಸಂಡಿಗೆ ಒಣಗಿಸಿದವಳು, ಒದೆಯುವ ಎಮ್ಮೆಯನ್ನು ಶಿವನಾಮ ಹೇಳಿಯೇ ಹಿಂಡಿದವಳು, ಕುಲಗೋಡದ ನಮ್ಮ ಓಣಿಯ ಮಹಿಳಾ ಭಜನಾ ಮಂಡಳಿಯ ಹಿರಿತನ ಹೊತ್ತವಳು ನಾನು. ಇಂಥವಳಿಗೆ ಒಂದು ರ‍್ಯಾಂಪು ಕಟ್ಟಿಸುವುದು ಯಾವ ಲೆಕ್ಕ!

ರ‍್ಯಾಂಪು ಬೇಕಾಗಿದ್ದು ನನ್ನ ನಾದಿನಿ ಕಸ್ತೂರಿಗೆ. ಅವಳು ಗೋಕಾಕದ ಕೋರ್ಟಿನಲ್ಲಿ ವಕೀಲೆ. ಚಿಕ್ಕಂದಿನಿಂದ ಕಾಲಲ್ಲಿ ಬಲವಿಲ್ಲ, ಗಾಲಿಕುರ್ಚಿಯಲ್ಲೇ ಓಡಾಟ. ಕಂಠವನ್ನು ಮಾತ್ರ ದೇವರು ಎರಡು ಪಾಲು ಕೊಟ್ಟಿದ್ದಾನೆ. ಅವಳು ಹಾಡಿದರೆ ನಮ್ಮ ತಾಳ ತಪ್ಪಿದ್ದು ಯಾರಿಗೂ ಗೊತ್ತಾಗುವುದಿಲ್ಲ. ಆದರೆ ಭಜನೆ ನಡೆಯುವ ಸಮುದಾಯ ಭವನಕ್ಕೆ ಎತ್ತರದ ಮೆಟ್ಟಿಲುಗಳು. ಪ್ರತಿ ಸೋಮವಾರ ನಾಲ್ವರು ಗಂಡಸರು ಅವಳನ್ನು ಕುರ್ಚಿ ಸಮೇತ ಎತ್ತುತ್ತಿದ್ದರು.

"ಏ, ಆ ಕಡೆ ಬರೋಬರಿ ಹಿಡೀಲೇ!"

"ನಿಂದ ಸಡ್ಲ ಆಗೇತಿ, ಮೊದಲ ಅದನ್ನ ನೋಡ್ಲೇ!"

ಒಂದು ದಿನ ಕಸ್ತೂರಿ ಖಡಾಖಂಡಿತವಾಗಿ ಹೇಳಿಬಿಟ್ಟಳು. "ವೈನಿ, ಇನ್ನ ನಾ ಬರಂಗಿಲ್ರಿ. ಹಾಡಾಕ ಬರ್ತೀನೋ, ತೂಕಾ ಮಾಡಸಾಕ ಬರ್ತೀನೋ ತಿಳೀವಲ್ದು. ಜ್ವಾಳದ ಚೀಲಾ ಎತ್ತಿದಂಗ ಎತ್ತತಾರ."

"ಪುಣ್ಯಾದ ಕೆಲಸ ಅಂತ ಎತ್ತತಾರವಾ."

"ಪುಣ್ಯಾ ಅವರಿಗೆ, ನಾಚಿಕಿ ನನಗ! ಮಂದಿ ಕೂಡೂ ಜಾಗಾದಾಗ ಗಾಲಿಕುರ್ಚಿ ಹೋಗಾಕ ದಾರಿ ಇರಬೇಕಂತ ಕಾಯ್ದೆ ಐತಿ. ಅದು ಉಪಕಾರಲ್ರಿ, ನನ್ನ ಹಕ್ಕು. ನಿಮ್ಮ ಭಜನಿ ಮಂಡಳಿ ಮ್ಯಾಲೆ ಕೇಸ್ ಹಾಕ್ಲೇನ್ರಿ?"

ಶಿವನ ಹೆಸರು ಹೇಳುವ ಬಾಯಿಂದ ಕಟಕಟೆಯಲ್ಲಿ ನಿಂತು ಪ್ರಮಾಣ ಮಾಡುವುದೇ! ಶ್ರಾವಣದ ಕೊನೆಯ ಸೋಮವಾರ ನಿನ್ನ ಗಾಲಿಯ ಮೇಲೆ ನೀನೇ ಒಳಗೆ ಬರುವಿ ಎಂದು ದೀಪ ಮುಟ್ಟಿ ಮಾತು ಕೊಟ್ಟೆ. ಪಂಚಾಯಿತಿಯವರು ಹೂಂ ಅಂದರು. ನಮ್ಮ ಮನೆ ಕಟ್ಟಿದಾಗ ಉಳಿದ ಮರಳು, ಇಟ್ಟಿಗೆ ಹಿತ್ತಿಲಲ್ಲೇ ಇದ್ದವು.

"ಹೆಂಗಿರಬೇಕಂತ ಒಂದ ಮಾತು ಕಸ್ತೂರೀನ ಕೇಳು" ಎಂದರು ನಮ್ಮ ಯಜಮಾನರು.

"ಅದರಾಗ ಕೇಳೂದೇನೈತ್ರಿ? ರ‍್ಯಾಂಪ್ ಅಂದ್ರ ಇಳಕಲಾ. ಮುಗೀತು!"

ಗೌಂಡಿ ಭೀಮಪ್ಪನ ವಿಶ್ವಾಸ ನನ್ನದಕ್ಕಿಂತ ದೊಡ್ಡದು. "ಹತ್ತರಗಿ ಹೈವೇ ಬಾಜೂ ಧಾಬಾದ ಅಂಗಳಕ್ಕ ಲಾರಿ ಏರಿಸಿದಾಂವಾ ನಾ. ಕುರ್ಚಿ ಏನ್ ದೊಡ್ಡದ್ರಿ ಅಕ್ಕಾರ?" ಅಂದ. ಕಟ್ಟಿದ. ಕಬ್ಬಿನ ಟ್ರ್ಯಾಕ್ಟರ್ ಕೂಡ ಕೈಮುಗಿದು ಹಿಂದಿರುಗುವಷ್ಟು ಕಡಿದಾಗಿತ್ತು!

ಪರೀಕ್ಷೆ ಮಾಡದೆ ಒಪ್ಪಿಸುವುದು ಧರ್ಮವಲ್ಲ. ಕಸ್ತೂರಿಯ ಹಳೆಯ ಗಾಲಿಕುರ್ಚಿ ತರಿಸಿ ನಾನೇ ಕುಳಿತೆ. ಯಜಮಾನರು ಹಿಂದಿನಿಂದ ಏದುಸಿರು ಬಿಡುತ್ತ ನೂಕಿದರು. ತುದಿ ಮುಟ್ಟಿದೆವು. ಬೆವರು ಒರೆಸಿಕೊಳ್ಳಲು ಅವರು ಕೈ ಬಿಟ್ಟರು. ಬಿಟ್ಟೇ ಬಿಟ್ಟರು! ಕುರ್ಚಿ ಹಿಮ್ಮುಖವಾಗಿ ಹೊರಟಿತು. ನಮ್ಮವರು ಧರ್ಮಪತ್ನಿಗೆ ಸಕಲ ಗೌರವದಿಂದ ದಾರಿ ಬಿಟ್ಟು ಪಕ್ಕಕ್ಕೆ ಸರಿದರು. ರಸ್ತೆ ದಾಟಿ, ನೆರೆಮನೆಯ ಗಂಗವ್ವನ ಕಬ್ಬಿನ ಸೋಗೆಯ ರಾಶಿಯಲ್ಲಿ ನಾನು ಐಕ್ಯಳಾದೆ. ಮೇಯುತ್ತಿದ್ದ ಎಮ್ಮೆ ಒಮ್ಮೆ ನೋಡಿ ಮತ್ತೆ ಮೇಯತೊಡಗಿತು. ಸೋಗೆಯ ಜಾಗದಲ್ಲಿ ಗಟಾರ ಇರಲಿಲ್ಲ. ದೇವರು ದೊಡ್ಡವನು.

ಫೋನಿನಲ್ಲಿ ಕಸ್ತೂರಿ ನಗು ತಡೆಯಲಾರದೆ ಹೇಳಿದಳು. "ವೈನಿ, ಒಂದಡಿ ಏರಬೇಕಂದ್ರ ಹನ್ನೆರಡಡಿ ಉದ್ದ ಬೇಕ್ರಿ."

ಒಡೆಸಿದೆ. ಮತ್ತೆ ಕಟ್ಟಿಸಿದೆ. ಈ ಸಲ ರ‍್ಯಾಂಪು ಗೋಡೆಗುಂಟ ಉದ್ದಕ್ಕೆ ಹೋಗಿ, ಭವನದ ಬಾಗಿಲಿಗೆ ಬಂದು, ಗಕ್ಕನೆ ನಿಂತಿತು. ಎದುರಿಗೆ ಗೇಣೆತ್ತರದ ಹೊಸ್ತಿಲು! ಪ್ರತಿ ಸೋಮವಾರ ಅದಕ್ಕೆ ಅರಿಷಿಣ, ಕುಂಕುಮ ಹಚ್ಚುವವಳು ನಾನೇ. ಕಾಲೆತ್ತಿ ದಾಟುವವರ ಕಣ್ಣಿಗೆ ಅದರ ಎತ್ತರ ಎಲ್ಲಿ ಬೀಳುತ್ತದೆ?

"ಭೀಮಪ್ಪ, ಹೊಸ್ತಿಲಾ ಇಳಸೋ."

ಅವನ ಕೈಯಿಂದ ಸಿಮೆಂಟು ಮೆತ್ತುವ ಕರಣಿ ಬಿತ್ತು. "ಯವ್ವಾ! ಲಕ್ಷ್ಮೀ ಕೂಡೂ ಜಾಗಾರಿ ಅದು. ನಾ ಮಕ್ಕಳೊಂದಿಗ ಅದೀನ್ರಿ!"

ಮತ್ತೆ ಫೋನು. ಕಸ್ತೂರಿಯ ತೀರ್ಪು ಸ್ಪೀಕರಿನಲ್ಲಿ ಎಲ್ಲರಿಗೂ ಕೇಳಿಸಿತು. "ಲಕ್ಷ್ಮೀ ಅಲ್ಲೇ ಕುಂದರ್ಲಿ. ಒಂದೀಟ ತೆಳಗ ಕುಂದರ್ಲಿ, ಅಷ್ಟ!"

ಗಂಗವ್ವ ಗಲ್ಲಕ್ಕೆ ಕೈ ಹಚ್ಚಿದಳು. "ಹಂಗಾದ್ರ ಆಕಿ ಮ್ಯಾಲೆ ಗಾಲಿ ಹಾಯೂದಿಲ್ಲೇನ?"

"ಖಂಡೇನವಮಿಗೆ ಟ್ರ್ಯಾಕ್ಟರ್ ಗಾಲಿಗೆ ಕುಂಕುಮಾ ಹಚ್ಚಿ ಕಾಯಿ ಒಡೀತೀಯಲ್ಲ? ಪೂಜಿ ಮಾಡೂ ಗಾಲಿ ಹಾದ್ರ ಲಕ್ಷ್ಮೀ ಯಾಕ ಸಿಟ್ಟಾಕ್ಕಾಳ?" ಎಂದೆ.

ಗಂಗವ್ವ ಉಡಿ ತುಂಬಲು ಅಕ್ಕಿ ತರಹೋದಳು! ನಾನೂ ವಕೀಲಿ ಓದಬೇಕಿತ್ತು. ಲಕ್ಷ್ಮಿಗೆ ಉಡಿ ತುಂಬಿ, ಕ್ಷಮೆ ಕೇಳಿ, ಹೊಸ್ತಿಲನ್ನು ನೆಲದ ಮಟ್ಟಕ್ಕೆ ಇಳಿಸಿದೆವು.

ಇಲ್ಲಿಗೆ ನಾನು ಸುಮ್ಮನಿದ್ದಿದ್ದರೆ ಕಥೆ ಸುಖವಾಗಿ ಮುಗಿಯುತ್ತಿತ್ತು.

ಮಾತು ಕೊಟ್ಟಿದ್ದ ಆ ಕೊನೆಯ ಸೋಮವಾರ ನಸುಕಿನಲ್ಲಿ ಹೋಗಿ ನೋಡುತ್ತೇನೆ, ರ‍್ಯಾಂಪಿನ ಸಿಮೆಂಟಿನ ಮೇಲೆ ಅಡ್ಡಡ್ಡ ಗೀರುಗಳು! ಭೀಮಪ್ಪ ಅರೆಬರೆ ಕೆಲಸ ಮಾಡಿ ಹೋಗಿದ್ದಾನೆ ಎಂದುಕೊಂಡೆ. ಶುಭಕಾರ್ಯದ ನೆಲ ಬರಿದಾಗಿ ಇರಬಾರದು. ಬುಟ್ಟಿ ತುಂಬ ಸೆಗಣಿ ತಂದೆ. ಒಂದೊಂದು ಗೀರನ್ನೂ ಅಂಗೈಯಿಂದ ತುಂಬಿ, ಒತ್ತಿ, ತೀಡಿ, ತುದಿಯಿಂದ ಬುಡದವರೆಗೆ ಸಾರಿಸಿದೆ. ಅದರ ಮೇಲೆ ರಂಗೋಲಿ. ನುಣುಪೆಂದರೆ ನುಣುಪು, ಹೋಳಿಗೆ ಲಟ್ಟಿಸಬಹುದಿತ್ತು!

ಕಸ್ತೂರಿ ಬಂದಳು. ಇಳಕಲ್ ಸೀರೆ ಉಟ್ಟು, ಆರತಿ ತಟ್ಟೆ ಹಿಡಿದು, ಅವಳನ್ನು ಎದುರುಗೊಳ್ಳಲು ನಾನು ಮೇಲಿನಿಂದ ಹೆಜ್ಜೆ ಇಟ್ಟೆ.

ಒಂದೇ ಹೆಜ್ಜೆ. ಉಳಿದದ್ದನ್ನೆಲ್ಲ ರ‍್ಯಾಂಪೇ ನೋಡಿಕೊಂಡಿತು.

ಕಣ್ಣು ಬಿಟ್ಟಾಗ ಕಸ್ತೂರಿಯ ಗಾಲಿಯ ಮುಂದೆ ಕುಳಿತಿದ್ದೆ. ದೀಪ ಆರಿರಲಿಲ್ಲ, ಅದೂ ಒಂದು ಕೃಪೆ. ಹೇಗೂ ಬಂದಾಗಿತ್ತು, ಕುಳಿತಲ್ಲಿಂದಲೇ ಆರತಿ ಬೆಳಗಿದೆ.

"ವೈನಿ," ಕಸ್ತೂರಿ ನೆಲ ನೋಡಿದಳು, "ಆ ಗೀರು ಗಾಲಿ ಜಾರಬಾರದಂತ ಇರ್ತಾವ್ರಿ. ಅವನ್ನ ಮುಚ್ಚೀರೇನು?"

ನಾಲ್ವರು ಗಂಡಸರು ತೋಳೇರಿಸಿ ಬಂದರು. "ಇವತ್ತೊಂದ ದಿನಾ ಎತ್ತತೀವಿ ತಂಗೆವ್ವಾ."

ಕಸ್ತೂರಿ ಎರಡೂ ಗಾಲಿ ಬಿಗಿಹಿಡಿದಳು. "ಎತ್ತಬ್ಯಾಡ್ರಿ. ತೊಳೀರಿ. ನಾ ಕಾಯ್ತೀನಿ."

ನಾನು ಕುಳಿತಲ್ಲಿಂದಲೇ ಪಕ್ಕಕ್ಕೆ ಸರಿದೆ; ಉಳಿದ ಮಂಡಳಿ ಸೆರಗು ಸಿಕ್ಕಿಸಿತು. ಕೊಡದ ಮೇಲೆ ಕೊಡ ನೀರು, ಕಡ್ಡಿ ಕಸಬರಿಗೆ. ಉಜ್ಜುವ ಸಪ್ಪಳಕ್ಕೇ ತಾಳ ಹಿಡಿದು ಗಂಗವ್ವ ಭಜನೆ ಶುರುಮಾಡಿದಳು. ನಮ್ಮ ಮಂಡಳಿಯ ತಾಳ ಅಷ್ಟು ಸರಿಯಾಗಿ ಕೂಡಿದ್ದು ಅಂದೇ! ಗೀರುಗಳು ಒಂದೊಂದಾಗಿ ಮುಖ ತೋರಿಸಿದವು.

ಕಸ್ತೂರಿ ಗಾಲಿ ತಿರುವಿದಳು. ಯಾರ ಕೈಯೂ ತಾಗಲಿಲ್ಲ. ಏರಿದಳು, ತಿರುಗಿದಳು, ಕೆಳಗೆ ಕುಳಿತ ಲಕ್ಷ್ಮಿಗೆ ಕೈಮುಗಿದು ದಾಟಿದಳು. ಒಳಗಿನಿಂದ ಅವಳ ಹಾಡು ಕೇಳಿಸಿದಾಗ ನನ್ನ ಕಣ್ಣು ತುಂಬಿತು. ಏಳಲು ಹೋದೆ. ಏಳಲಾಗಲಿಲ್ಲ! ಕಾಲು ಉಳುಕಿ ಹಲಸಿನಕಾಯಿ ಆಗಿತ್ತು. ಮುರಿದಿರಲಿಲ್ಲ, ಅಷ್ಟು ಸಾಕು.

ಕೆಲಸ ಕಳೆದುಕೊಂಡು ನಿಂತಿದ್ದ ಆ ನಾಲ್ವರ ಕಣ್ಣು ನನ್ನ ಮೇಲೆ ಬಿತ್ತು.

"ಏ, ಆ ಕಡೆ ಬರೋಬರಿ ಹಿಡೀಲೇ!"

"ಇದು ಭಾಳ ಒಜ್ಜಿ ಐತ್ಲೇ!"

ಹೀಗೆ ನಾನು ಭವನ ಪ್ರವೇಶಿಸಿದೆ. ಕಸ್ತೂರಿ ಹಾಡು ನಿಲ್ಲಿಸಿ, ಮೈಕಿನಲ್ಲೇ ಕೇಳಿದಳು. "ವೈನಿ, ತೂಕಾ ಎಷ್ಟಾತ್ರಿ?"

ಕಾಲು ವಾಸಿಯಾಗುವವರೆಗೆ ಈಗ ಪ್ರತಿ ಸೋಮವಾರ ಅವಳ ಹಳೆಯ ಕುರ್ಚಿಯಲ್ಲಿ ಅದೇ ರ‍್ಯಾಂಪು ಏರುತ್ತಿದ್ದೇನೆ. ಬಲು ಚೆನ್ನಾಗಿ ಕಟ್ಟಿಸಿದ್ದೇನೆ, ನಾನೇ ಸಾಕ್ಷಿ. ನೂಕುವ ಯಜಮಾನರಿಗೆ ಮಾತ್ರ ಒಂದು ಮಾತು ಹೇಳಿಟ್ಟಿದ್ದೇನೆ: "ಬೆವರು ಬಂದ್ರ ಬರ್ಲಿ, ಒರಸ್ಕೋಬ್ಯಾಡ್ರಿ!"