ಕಾಕಾನ ಬಂದೂಕು ಮತ್ತು ಸೊಟ್ಟ ಗೆರೆ

ನಮ್ಮವರ ಕಾಕಾ, ಅಂದರೆ ನನ್ನ ಗಂಡನ ಚಿಕ್ಕಪ್ಪ, ಈವರೆಗೆ ಒಂದು ಜಿರಳೆಯನ್ನೂ ಕೊಂದವರಲ್ಲ. ಅಡುಗೆಮನೆಯಲ್ಲಿ ಜಿರಳೆ ಕಂಡರೆ ಅದನ್ನು ಹಳೇ ಪೇಪರಿನ ಮೇಲೆ ಹತ್ತಿಸಿಕೊಂಡು, ಹಿತ್ತಿಲವರೆಗೆ ನಡೆದು ಹೋಗಿ, ಹುಲ್ಲಿನ ಮೇಲೆ ಇಳಿಸಿ, "ಹುಷಾರಾಗಿ ಹೋಗಪಾ" ಎಂದು ಬೀಳ್ಕೊಟ್ಟು ಬರುವ ಪೈಕಿ. ಇಂಥವರ ಬೀರುವಿನಲ್ಲಿ ಒಂದು ಬಂದೂಕು ಇದೆ ಎಂದರೆ ನಂಬುತ್ತೀರಾ? ನಂಬಬೇಕು. ಅಷ್ಟೇ ಅಲ್ಲ, ಆ ಬಂದೂಕು ನಮ್ಮ ಮನೆತನಕ್ಕೆ ಮಾಡಿದ ಉಪಕಾರವನ್ನು ಯಾವ ನೆಂಟನೂ ಮಾಡಿಲ್ಲ ಎಂದರೆ ಅದನ್ನೂ ನಂಬಬೇಕು!

ಕಾಕಾ ಹುಬ್ಬಳ್ಳಿಯವರು. ಹ್ಯೂಸ್ಟನ್ನಿನಲ್ಲಿ ಚರಂಡಿ ಪೈಪುಗಳ ಇಂಜಿನಿಯರು. ಮನೆ ಅಲ್ಲೇ ಪಕ್ಕದ ಪೇರ್ಲ್ಯಾಂಡಿನಲ್ಲಿ, ದೇವಸ್ಥಾನಕ್ಕೆ ಹತ್ತಿರ. ನಾನು ಮೈಸೂರಿನವಳು, ಮದುವೆಯಾಗಿ ಬಂದದ್ದು ಆಸ್ಟಿನ್ ಪಕ್ಕದ ರೌಂಡ್ ರಾಕಿಗೆ. ನಮ್ಮವರಿಗೆ ಅಲ್ಲಿಯ ಕಂಪ್ಯೂಟರ್ ಕಂಪನಿಯಲ್ಲಿ ಕೆಲಸ. ಹೊಸ ಶತಮಾನ ಆಗಷ್ಟೇ ಶುರುವಾಗಿತ್ತು. ತವರಿನ ನೆನಪಾದಾಗಲೆಲ್ಲ ಕಾರು ಹತ್ತಿ ಕಾಕಾನ ಮನೆಗೆ ಹೋಗಿಬಿಡುತ್ತಿದ್ದೆವು. ಬಾಗಿಲು ತೆರೆದ ಕೂಡಲೇ ಕಾಕಾ ನಮ್ಮನ್ನು ನೋಡುತ್ತಿರಲಿಲ್ಲ, ನಮ್ಮ ಕಾರು ನೆಟ್ಟಗೆ ನಿಂತಿದೆಯೇ ಎಂದು ನೋಡುತ್ತಿದ್ದರು. "ಹಿಂದಿನ ಗಾಲಿ ಎಡಕ್ಕ ಬಂದೈತಿ. ಹೋಗಿ ಸರಿ ಮಾಡಿ ಬಾ. ಆಮ್ಯಾಲೆ ಉಣ್ಣಾಕ ಕೂಡೂಣು."

ಸೊಟ್ಟ ಎನ್ನುವುದು ಅವರಿಗೆ ಆಗದ ವಸ್ತು. ಅವರ ಕಾರಿನಲ್ಲಿ ಸದಾ ಒಂದು ರಸಮಟ್ಟ ಇರುತ್ತಿತ್ತು. ಗೋಡೆ ಕಟ್ಟುವ ಗಾರೆಯವರು ಇಟ್ಟು ನೋಡುತ್ತಾರಲ್ಲ, ಗಾಜಿನ ಕೊಳವೆಯೊಳಗೆ ಒಂದು ಗುಳ್ಳೆ ಓಡಾಡುವುದು, ಅದೇ. ಯಾರ ಮನೆಗೆ ಊಟಕ್ಕೆ ಹೋದರೂ ಮೊದಲು ಅವರ ಗೋಡೆಯ ಫೋಟೋದ ಮೇಲೆ ಅದನ್ನಿಟ್ಟು ನೋಡಬೇಕು! ಆತಿಥೇಯರ ತಾತನ ಫೋಟೋ ನೆಟ್ಟಗಾದ ಮೇಲೆಯೇ ತಟ್ಟೆಗೆ ಕೈ.

ಈ ನೆಟ್ಟಗಿನ ವ್ಯಾಧಿಗೆ ಹೆಚ್ಚು ಗುರಿಯಾದವರು ಅವರ ಹೆಂಡತಿ, ನಮ್ಮ ಚಿಗವ್ವ. ಬೆಳಿಗ್ಗೆ ಅವರು ಚಹಾ ತಂದರೆ ಕಾಕಾ ದಿಂಬಿನಲ್ಲಿ ಅರ್ಧ ಮುಖ ಹುದುಗಿಸಿ, ಒಂದೇ ಕಣ್ಣು ತೆರೆದು, "ಏ, ಕುಂಕುಮ ಸೊಟ್ಟ ಆಗೈತಿ ನೋಡು" ಎನ್ನುತ್ತಿದ್ದರು. ಚಿಗವ್ವ ಕನ್ನಡಿಯ ಮುಂದೆ ಹೋಗಿ ಒರೆಸಿ ಮತ್ತೆ ಹಚ್ಚಿಕೊಳ್ಳುತ್ತಿದ್ದರು.

"ನೆಟ್ಟಗೇ ಇತ್ತಲ್ಲ ಚಿಗವ್ವ, ಯಾಕೆ ಅಳಿಸಿದ್ರಿ?" ಎಂದು ನಾನು ಒಮ್ಮೆ ಕೇಳಿದೆ.

"ಇವರ ಜೋಡಿ ವಾದ ಮಾಡೂದಕ್ಕಿಂತ ಕುಂಕುಮ ಹಚ್ಕೊಳ್ಳೂದು ಹಗೂರ ಐತೆವಾ" ಎಂದರು.

ಇನ್ನು ಬಂದೂಕಿಗೆ ಬರೋಣ. ಕಾಕಾ ಕಾಲೇಜಿನಲ್ಲಿ ಎನ್‌ಸಿಸಿ ಸೇರಿ, ಕ್ಯಾಂಪಿನಲ್ಲಿ ಪಾಯಿಂಟ್ ಟೂ ಟೂ ರೈಫಲ್ ಹಾರಿಸಿ, ಒಂದು ಹಿತ್ತಾಳೆ ಕಪ್ ಗೆದ್ದಿದ್ದರಂತೆ. ಬಂದೂಕುಗಳಲ್ಲಿ ಇದು ಚಿಕ್ಕ ಜಾತಿಯದು, ಕಡಲೆಬೀಜದಷ್ಟು ಗುಂಡು. ಆ ಕಪ್ಪಿನ ಕಥೆ ಕೇಳದವರು ಹ್ಯೂಸ್ಟನ್ನಿನ ಕನ್ನಡಿಗರಲ್ಲಿ ಇರಲಿಲ್ಲ. ಒಂದು ಭಾನುವಾರ ಹಿಲ್‌ಕ್ರಾಫ್ಟ್ ರಸ್ತೆಯ ಚಾಟ್ ಅಂಗಡಿಯಲ್ಲಿ ಪರಿಚಯದ ಅಂಕಲ್ ಒಬ್ಬರು ಪಾನಿಪೂರಿ ಬಾಯಲ್ಲಿಟ್ಟುಕೊಂಡೇ, "ಆ ಕಾಲದಲ್ಲಿ ಎಲ್ರೂ ಕಪ್ ಗೆದ್ದೋರೇ ಬಿಡಿ! ಈಗ ಹೊಡೀರಿ ನೋಡೋಣ" ಎಂದುಬಿಟ್ಟರು. ಕಾಕಾ ಅರ್ಧ ತಿಂದ ದಹಿಪೂರಿ ಬಿಟ್ಟು ಎದ್ದರು. ದುಡ್ಡು ಕೊಟ್ಟ ತಿಂಡಿಯನ್ನು ಕಾಕಾ ಬಿಟ್ಟು ಎದ್ದದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಹೊಸ ಬಂದೂಕು ಕೊಳ್ಳುವ ಜಾಯಮಾನ ಅವರದಲ್ಲ. ನಮ್ಮಿಬ್ಬರನ್ನೂ ಕರೆದುಕೊಂಡು ಗಿರವಿ ಅಂಗಡಿಗೆ ಹೊರಟರು. ಅಲ್ಲಿ ಗೋಡೆಗೆ ಸಾಲಾಗಿ ನಿಲ್ಲಿಸಿದ ಹಳೇ ರೈಫಲ್ಲುಗಳು. ಉಳಿದವರು ಅವನ್ನು ಭುಜಕ್ಕಿಟ್ಟು ನೋಡುತ್ತಾರೆ, ಬೋಲ್ಟ್ ಎಳೆದು ನೋಡುತ್ತಾರೆ. ಕಾಕಾ ಜೇಬಿನಿಂದ ರಸಮಟ್ಟ ತೆಗೆದು ಒಂದೊಂದರ ನಳಿಗೆಯ ಮೇಲೂ ಇಟ್ಟು ನೋಡಿದರು! ಅಂಗಡಿಯವನು ದೊಡ್ಡ ಟೋಪಿಯನ್ನು ಹಿಂದಕ್ಕೆ ಸರಿಸಿ, ಇಂಥ ಗಿರಾಕಿಯನ್ನು ಕಂಡಿಲ್ಲ ಎಂಬಂತೆ ನಿಂತ. ಕೊನೆಗೆ ಆರಿಸಿದ್ದು ಅಲ್ಲಿದ್ದುದರಲ್ಲೇ ಅಗ್ಗದ್ದು. ಅದರ ಮರದ ಹಿಡಿಯನ್ನು ಯಾವುದೋ ನಾಯಿ ಕಡಿದು ಗುರುತು ಮಾಡಿತ್ತು.

"ನಾಯಿ ಒಲ್ಲೆ ಅಂತ ಬಿಟ್ಟದ್ದನ್ನ ರೊಕ್ಕ ಕೊಟ್ಟು ತಂದೀರಲ್ರಿ" ಎಂದರು ಚಿಗವ್ವ. ಆಮೇಲೆ ಕರಾರು ಹಾಕಿದರು: "ಬಂದೂಕು ನಿಮ್ಮ ಬೀರುದಾಗ ಇರಲಿ. ಗುಂಡು ಮಾತ್ರ ನನ್ನ ಬೀಗದಾಗ." ಹೀಗೆ ಆ ಮನೆಯಲ್ಲಿ ಅರ್ಧ ಬಂದೂಕು ಗಂಡನದು, ಅರ್ಧ ಹೆಂಡತಿಯದು ಆಯಿತು.

ಮೊದಲ ದಿನ ಊರಾಚೆಯ ಗುಂಡು ಹಾರಿಸುವ ರೇಂಜಿಗೆ ನಾವೂ ಹೋದೆವು. ಕಾಕಾ ಕಿವಿಗೆ ಮುಚ್ಚಳ ಹಾಕಿ, ಎಡಗಣ್ಣು ಮುಚ್ಚಿ, ಉಸಿರು ಬಿಗಿಹಿಡಿದು, ಗುಂಡಿನ ಡಬ್ಬಿ ಖಾಲಿಯಾಗುವವರೆಗೂ ಹಾರಿಸಿದರು. ಗುರಿಯ ಕಾಗದ ತರಿಸಿ ನೋಡಿದರೆ ಮೂಲೆಯಲ್ಲಿ ಒಂದೆರಡು ತೂತು, ನಡುವಿನ ವೃತ್ತ ಅಂಗಡಿಯಿಂದ ತಂದಷ್ಟೇ ಹೊಸದು. ಪಕ್ಕದಲ್ಲಿ ಹೊಡೆಯುತ್ತಿದ್ದ ಗಡ್ಡದವನು ಮಾತ್ರ ತನ್ನ ಕಾಗದವನ್ನು ಮತ್ತೆ ಮತ್ತೆ ಎಣಿಸಿ ಖುಷಿಯಾಗಿದ್ದ. ಅವನು ಹಾರಿಸಿದ್ದಕ್ಕಿಂತ ಅದರಲ್ಲಿ ತೂತು ಹೆಚ್ಚಾಗಿದ್ದವು!

"ಬಂದೂಕದಾಗ ದೋಷ ಐತಿ" ಎಂದು ಕಾಕಾ ತೀರ್ಪು ಕೊಟ್ಟರು. ಅಲ್ಲಿಂದ ಸುಧಾರಣೆ ಶುರು. ಕೆನ್ನೆ ಸರಿಯಾಗಿ ಕೂರುತ್ತಿಲ್ಲವೆಂದು ಚಿಗವ್ವನ ಹಳೇ ಕೌದಿಯ ತುಂಡನ್ನು ಹಿಡಿಗೆ ಸುತ್ತಿ ಟೇಪ್ ಹಚ್ಚಿದರು. ಭುಜಕ್ಕೆ ಹಾಕುವ ಪಟ್ಟಿಯನ್ನು ಮದುವೆಯ ಸೂಟಿನ ಜೊತೆ ಬಂದ ಟೈಗಳಿಂದ ಹೊಲಿದರು. ಟ್ರಿಗರ್ ಗಟ್ಟಿ ಎಂದು ಅದರ ಸ್ಪ್ರಿಂಗ್ ಬದಲಾಯಿಸಲು ಗಿರವಿ ಅಂಗಡಿಗೇ ಒಯ್ದರು. ಇಷ್ಟಾದ ಮೇಲೆ ಆ ರೈಫಲ್ ಥಂಡಿಗೆ ಕಂಬಳಿ ಹೊದ್ದು ಬಸ್ಸಿಗೆ ಕಾಯುವ ಅಜ್ಜನ ಹಾಗೆ ಕಾಣುತ್ತಿತ್ತು. ಗುಂಡುಗಳು ಮಾತ್ರ ಮೊದಲಿನಂತೆಯೇ ಅಕ್ಕಪಕ್ಕದವರ ಕಾಗದದ ಸೇವೆಗೆ ಹೋಗುತ್ತಿದ್ದವು.

ಉಳಿದದ್ದು ದುರ್ಬೀನು. ಬಂದೂಕಿನ ಮೇಲೆ ಕೂರಿಸುವ ಕೊಳವೆ, ಒಳಗೆ ಕೂಡಿಸುವ ಚಿಹ್ನೆಯ ಹಾಗೆ ಎರಡು ಗೆರೆ. ಕಾಕಾ ಅಗ್ಗದ್ದೊಂದನ್ನು ತಂದರು. ಕಣ್ಣಿಟ್ಟು ನೋಡಿದರು. "ಗೆರಿ ಸೊಟ್ಟ!" ಈ ದೇಶದಲ್ಲಿ ನಮ್ಮ ಜನಕ್ಕೆ ಎಲ್ಲಕ್ಕಿಂತ ಹಿಡಿಸಿದ್ದು ಏನು ಹೇಳಿ? ಕೊಂಡ ಸಾಮಾನನ್ನು ರಸೀದಿ ತೋರಿಸಿ ವಾಪಸ್ ಮಾಡಬಹುದಾದದ್ದು! ಕಾಕಾ ರಿಟರ್ನ್ ಮಾಡಿ ಇನ್ನೊಂದು ತಂದರು. ಅದರ ಗೆರೆಯೂ ಸೊಟ್ಟ. ಮತ್ತೊಂದು. ಅದೂ ಸೊಟ್ಟ. ಕಡೆಕಡೆಗೆ ಇವರ ಕಾರು ಕಂಡರೆ ಕೌಂಟರಿನ ಹುಡುಗಿಗೆ ಚಹಾ ವಿರಾಮದ ನೆನಪಾಗುತ್ತಿತ್ತು.

ನಮಗೆ ಯಾರಿಗೂ ಅನುಮಾನ ಬರಲಿಲ್ಲ. ಯಾಕೆ ಬರಬೇಕು? ಸೊಟ್ಟದ ವಿಷಯದಲ್ಲಿ ಕಾಕಾನ ಮಾತೇ ಅಂತಿಮ. ಡ್ಯಾಲಸ್ಸಿನ ಬಂದೂಕು ಸಂತೆಯಲ್ಲಿ ಎಲ್ಲ ಅಗ್ಗವೆಂದು ಯಾರೋ ಹೇಳಿದರು. ಸರಿ, ಅಲ್ಲಿಗೂ ಹೋದೆವು. ಉಳಿಯುವ ಹಣವನ್ನೆಲ್ಲ ದಾರಿಯಲ್ಲೇ ಪೆಟ್ರೋಲು ಕುಡಿಯಿತು. ಸಂತೆಯಲ್ಲಿ ಮೇಜಿನಿಂದ ಮೇಜಿಗೆ ಹೋಗಿ ಕಾಕಾ ಒಂದೊಂದೇ ದುರ್ಬೀನಿಗೆ ಕಣ್ಣಿಟ್ಟರು. "ಸೊಟ್ಟ. ಇದೂ ಸೊಟ್ಟ. ಇಡೀ ಟೆಕ್ಸಾಸಿನಾಗ ಒಂದ ನೆಟ್ಟಗಿನ ಗೆರಿ ಇಲ್ಲ ನೋಡವಾ!" ಎಂದು ನನ್ನ ಬಳಿ ದುಃಖ ತೋಡಿಕೊಂಡರು. ಇದ್ದುದರಲ್ಲಿ ಕಡಿಮೆ ಸೊಟ್ಟದ್ದನ್ನು ಚೌಕಾಸಿ ಮಾಡಿ ತಂದರು.

ಮರುವಾರ ಆಯುಧಪೂಜೆ. ಚಿಗವ್ವ ಕಾರಿನ ಕೀ, ಮಿಕ್ಸರು, ಲ್ಯಾಪ್‌ಟಾಪು, ರಸಮಟ್ಟ ಎಲ್ಲ ಸಾಲಾಗಿಟ್ಟರು. ನಡುವೆ ಬಂದೂಕು, ಪಕ್ಕದಲ್ಲಿ ಇನ್ನೂ ಕೂರಿಸದ ದುರ್ಬೀನು. ಊರಲ್ಲಿದ್ದಾಗ ಒಲೆ, ಒನಕೆಗೆ ಹಚ್ಚಿದ ಭಕ್ತಿಯಲ್ಲೇ ಬಂದೂಕಿಗೆ ಮೂರು ಬೆರಳಿನ ವಿಭೂತಿ ಎಳೆದರು. ದುರ್ಬೀನಿನ ಗಾಜಿಗೂ ಒಂದು ಬೊಟ್ಟು ಕುಂಕುಮ! ಪೂಜೆ ಮುಗಿದ ಮೇಲೆ ಕಾಕಾ ಗಾಜು ಒರೆಸಿ, ಕಿಟಕಿಯ ಹತ್ತಿರ ಹೋಗಿ ನೋಡಿದವರು ಕೂಗಾಡತೊಡಗಿದರು.

"ಮದ್ಲು ಸ್ವಲ್ಪ ಸೊಟ್ಟ ಇತ್ತು. ನೀ ಕುಂಕುಮ ಬಳದು ಪೂರಾ ಸೊಟ್ಟ ಮಾಡೀದಿ!"

ನಮ್ಮವರು ಅದನ್ನು ಕೈಗೆ ತೆಗೆದುಕೊಂಡು ಪಕ್ಕದ ಮನೆಯ ಬೇಲಿಯ ಕಡೆ ನೋಡಿದರು. ನನಗೆ ಕೊಟ್ಟರು. ನಾನು ನೋಡಿದೆ. ಎರಡು ಗೆರೆ, ನೂಲು ಹಿಡಿದ ಹಾಗೆ.

"ಕಾಕಾ, ನನಗೆ ನೆಟ್ಟಗೇ ಕಾಣ್ತಿದೆ."

"ನೀವೆಲ್ಲಾ ಒಂದ ಪಾರ್ಟಿ ಆಗೀರಿ."

ದಿಂಬಿನಿಂದ ಒಂದೇ ಕಣ್ಣು ತೆರೆದು ಕುಂಕುಮ ಸೊಟ್ಟ ಎನ್ನುತ್ತಿದ್ದದ್ದು ಚಿಗವ್ವನಿಗೆ ನೆನಪಾಗಿರಬೇಕು. ನೆಟ್ಟಗೆ ಕಾಕಾನ ಹತ್ತಿರ ಹೋಗಿ, ಅವರ ಎಡಗಣ್ಣಿನ ಮೇಲೆ ತಮ್ಮ ಅಂಗೈ ಇಟ್ಟು, "ಈಗ ಅಡಗಿಮನಿ ಬಾಗಲಾ ನೋಡ್ರಿ" ಎಂದರು.

ಕಾಕಾ ನೋಡಿದರು. "ಬಾಗಲಾ ನಡುವ ಸೊಟ್ಟ ಆಗೈತಿ."

"ಹಂಗಾರ ಬಾಗಲಾನೂ ರಿಟರ್ನ್ ಮಾಡಿ ಬರ್ರಿ!"

ನಾವೆಲ್ಲ ಜೋರಾಗಿ ನಕ್ಕೆವು. ಕಾಕಾ ನಗಲಿಲ್ಲ. ಪೂಜೆಯ ಸಾಲಿನಿಂದ ರಸಮಟ್ಟ ಎತ್ತಿಕೊಂಡು ಹೋಗಿ ಬಾಗಿಲಿನ ಚೌಕಟ್ಟಿಗೆ ಆನಿಸಿದರು. ಗುಳ್ಳೆ ನಟ್ಟನಡುವೆ ನಿಂತಿತು. ಒಂದು ಕಣ್ಣು ಮುಚ್ಚಿ ನೋಡಿದರು, ಇನ್ನೊಂದು ಮುಚ್ಚಿ ನೋಡಿದರು. ಹೆಂಡತಿಯ ಮಾತನ್ನು ನಂಬದಿದ್ದವರು ರಸಮಟ್ಟವನ್ನು ನಂಬಲೇಬೇಕಾಯಿತು. ಮೆಲ್ಲಗೆ ಕುರ್ಚಿ ಎಳೆದು ಕುಳಿತರು. ನಮ್ಮ ನಗು ಅಲ್ಲಿಗೇ ನಿಂತಿತು.

ಮರುದಿನವೇ ಕಣ್ಣಿನ ಡಾಕ್ಟರು. "ಹೇಗೆ ಗೊತ್ತಾಯಿತು?" ಎಂದು ನರ್ಸ್ ಕೇಳಿದಳು. ಕಾಕಾ ಗಂಭೀರವಾಗಿ, "ರೈಫಲ್ಲಿನಿಂದ" ಎಂದರು. ಪಾಪ, ಅವಳು ಪೆನ್ನು ಕೆಳಗೆ ಬಿಟ್ಟು, ಗುಂಡು ಎಲ್ಲಿ ತಗುಲಿತು ಎಂದು ಹುಡುಕತೊಡಗಿದಳು!

ಬಲಗಣ್ಣಿನ ಒಳಪರದೆಯ, ಅಂದರೆ ರೆಟಿನಾದ, ನಡುವೆ ಒಂದು ಸಣ್ಣ ತೂತು ಬಿದ್ದಿತ್ತು, ನೆಟ್ಟಗಿನ ಗೆರೆ ಸೊಟ್ಟ ಕಾಣುತ್ತಿದ್ದದ್ದು ಅದರಿಂದಲೇ. ಎರಡೂ ಕಣ್ಣು ತೆರೆದಾಗ ಎಡಗಣ್ಣು ಅದನ್ನು ಮುಚ್ಚಿಹಾಕುತ್ತಿತ್ತು, ಒಂಟಿಗಣ್ಣಲ್ಲಿ ನೋಡಿದರಷ್ಟೇ ಗೊತ್ತಾಗುವಂಥದ್ದು. ಬಂದೂಕಿನ ಹುಚ್ಚು ಹತ್ತದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಇನ್ನೂ ತಡವಾಗಿದ್ದರೆ ಆ ಕಣ್ಣಿನ ನಡುನೋಟ ಮರಳುತ್ತಿರಲಿಲ್ಲ ಎಂದರು ಡಾಕ್ಟರು. ಆಪರೇಷನ್ ಮಾಡೋಣ, ಆದರೆ ಖಾತ್ರಿ ಕೊಡಲಾರೆ ಎಂದೂ ಹೇಳಿದರು. ವಾಪಸ್ ಬಂದು, ಮನೆಯ ಮುಂದೆ ನಮ್ಮವರು ಕಾರನ್ನು ಸೊಟ್ಟವಾಗಿಯೇ ನಿಲ್ಲಿಸಿದರು. ಕಾಕಾ ಗಾಲಿಯ ಕಡೆ ನೋಡದೆ ಒಳಗೆ ಹೋದರು. ನನಗೆ ನಿಜವಾಗಿ ಹೆದರಿಕೆಯಾದದ್ದು ಆಗ.

ಆಪರೇಷನ್ ಆಯಿತು. ತೂತು ಕೂಡಿಕೊಳ್ಳಲೆಂದು ಕಣ್ಣೊಳಗೆ ಒಂದು ಗ್ಯಾಸಿನ ಗುಳ್ಳೆ ಬಿಟ್ಟರು. ಅದು ಸರಿಯಾದ ಜಾಗಕ್ಕೆ ಒತ್ತಿಕೊಂಡಿರಬೇಕಾದರೆ ಹಗಲೂ ರಾತ್ರಿ ಮುಖ ಕೆಳಗೆ ಮಾಡಿಕೊಂಡೇ ಇರಬೇಕು! ತಲೆ ಎತ್ತುವಂತಿಲ್ಲ. ನೋಡಲು ಬಂದವರ ಜೊತೆ ಕಾಕಾ ಅವರ ಕಾಲುಚೀಲ ನೋಡಿಕೊಂಡು ಮಾತಾಡುತ್ತಿದ್ದರು. ಪಾನಿಪೂರಿಯ ಅಂಕಲ್ ಬಂದಾಗ, "ಕಪ್ ನೆನಪೈತೇನ್ರಿ?" ಎಂದು ಅವರ ಕಾಲಿನ ಹೆಬ್ಬೆರಳಿಗೆ ಕೇಳಿದರು. ನೆಲದ ಟೈಲ್ಸಿನಲ್ಲಿ ಒಂದು ಸಾಲು ಸರಿಯಿಲ್ಲವೆಂದು ಎಡಗಣ್ಣಲ್ಲೇ ಕಂಡುಹಿಡಿದರು. "ಈಗ ಗುಳ್ಳಿ ಕಣ್ಣೊಳಗ ಐತೆವಾ, ರಸಮಟ್ಟ ಹುಡುಕೂ ತ್ರಾಸ ಇಲ್ಲ" ಎಂದು ನನ್ನನ್ನು ನಗಿಸಿದರು. ಚಿಗವ್ವ ಮಾತ್ರ ನೆಲದ ಮೇಲೆ ಚಾಪೆ ಹಾಸಿ, ಅವರ ಮುಖಕ್ಕೆ ಎದುರಾಗಿ ಮಲಗಿರುತ್ತಿದ್ದರು. "ಅವರಿಗೆ ಬರೇ ಟೈಲ್ಸ್ ನೋಡಿ ಬ್ಯಾಸರಾಗತೈತಿ" ಎಂದರು.

ವಾರಗಳು ಕಳೆದು ಗುಳ್ಳೆ ಕರಗಿತು. ಪರೀಕ್ಷೆಯ ದಿನ ರೌಂಡ್ ರಾಕಿನಿಂದ ಬೆಳಗಿನ ಜಾವವೇ ಹೊರಟು ಬಂದು ನಾವೂ ಜೊತೆಗೆ ಹೋದೆವು. ಡಾಕ್ಟರು ಕಾಕಾನ ಎಡಗಣ್ಣು ಮುಚ್ಚಿ, ಎದುರಿನ ಅಕ್ಷರಗಳ ಹಲಗೆ ತೋರಿಸಿ, ಏನು ಕಾಣುತ್ತದೆ ಓದಿ ಎಂದರು. ಕಾಕಾ ಹಲಗೆಯನ್ನು ನೋಡಲೇ ಇಲ್ಲ. ಅದರ ಪಕ್ಕದಲ್ಲಿ ಸೆರಗು ಹಿಡಿದು ನಿಂತಿದ್ದ ಚಿಗವ್ವನನ್ನೇ ನೋಡುತ್ತಿದ್ದರು. ತುಂಬಾ ಹೊತ್ತು ನೋಡಿದರು.

"ಏ, ಕುಂಕುಮ ಸೊಟ್ಟ ಆಗೈತಿ ನೋಡು."

ನಮ್ಮವರು ತಲೆ ತಗ್ಗಿಸಿದರು. ಹಾಗಾದರೆ ಎಲ್ಲ ವ್ಯರ್ಥವಾಯಿತೇ? ಚಿಗವ್ವನ ಕಡೆ ತಿರುಗಿದೆ.

ಕುಂಕುಮ ಸೊಟ್ಟವಾಗಿತ್ತು! ನಿಜವಾಗಿಯೂ ಸೊಟ್ಟವಾಗಿತ್ತು. ಬೆಳಿಗ್ಗೆ ಹೆದರಿಕೆಯಲ್ಲಿ ಕನ್ನಡಿ ನೋಡದೆ ಹಚ್ಚಿಕೊಂಡದ್ದಕ್ಕೆ ಬೊಟ್ಟು ಎಡಹುಬ್ಬಿನ ಕಡೆಗೆ ಜಾರಿಹೋಗಿತ್ತು. ಕಾರಿನಲ್ಲಿ ಅಷ್ಟು ಹೊತ್ತು ಜೊತೆಗೆ ಕುಳಿತಿದ್ದರೂ ನಮ್ಮಿಬ್ಬರ ನಾಲ್ಕು ಕಣ್ಣಿಗೆ ಅದು ಕಂಡಿರಲಿಲ್ಲ.

"ಹೌದ್ರಿ" ಎಂದರು ಚಿಗವ್ವ, ಅಳುತ್ತ ನಗುತ್ತ. "ಈ ಸಲ ಖರೇನ ಸೊಟ್ಟ ಐತ್ರಿ."

ಆವತ್ತು ಅವರು ಅದನ್ನು ಒರೆಸಿಕೊಳ್ಳಲಿಲ್ಲ. ಅಲ್ಲಿಂದ ನೆಟ್ಟಗೆ ದೇವಸ್ಥಾನಕ್ಕೆ ಹೋದೆವು, ಕುಂಕುಮ ಹಾಗೇ ಇತ್ತು. ಕಾಕಾ ದಾರಿಯುದ್ದಕ್ಕೂ ಎಡಗಣ್ಣಿನ ಮೇಲೆ ಕೈ ಇಟ್ಟುಕೊಂಡು ಅದನ್ನೇ ನೋಡುತ್ತಿದ್ದರು. ಸರಿಮಾಡಿಕೋ ಎಂದು ಒಮ್ಮೆಯೂ ಹೇಳಲಿಲ್ಲ.