ಟೋಪಿ ಹಾಕಿದವನ ಮುಖ

ಆಸ್ಕೊ ಲತ್ವಸಲೊನ ಆ ಶನಿವಾರ ಹಾಳಾದದ್ದು ಮೂರು ವಾರದ ಹಿಂದೆ ಅವನು ಫೋನಿನಲ್ಲಿ ಆಡಿದ ಒಂದೇ ಒಂದು ಮಾತಿನಿಂದ. "ಫೋಟೋದಲ್ಲಿ ಇಬ್ಬರಿದ್ದಾರಲ್ಲ, ಯಾರನ್ನ ಬರೀಲಿ?" ಎಂದು ಪೇಂಟರ್ ಪೇತ್ರಿ ಕೇಳಿದ್ದ. "ಟೋಪಿ ಹಾಕಿರೋನ್ನ ಬರಿ," ಎಂದು ಹೇಳಿ ಆಸ್ಕೊ ಫೋನಿಟ್ಟಿದ್ದ. ಫಿನ್ಲೆಂಡಿನ ಪೊಹ್ಯಾನ್ಮಾ ಬಯಲಿನ ಗಂಡಸರು ಫೋನಿನಲ್ಲಿ ಮಾತನ್ನು ಉಪ್ಪಿನ ಹಾಗೆ ಬಳಸುತ್ತಾರೆ. ಮೂರು ಪದದಲ್ಲಿ ಮುಗಿಯುವ ಕೆಲಸಕ್ಕೆ ನಾಲ್ಕನೆಯದನ್ನು ಸುರಿಯುವವನು ಒಂದೋ ಪಾದ್ರಿ, ಇಲ್ಲವೇ ವಿಮೆ ಮಾರುವವನು.

ಲತ್ವಸಲೊ ಮನೆತನದ್ದು ಅರವತ್ತು ವರ್ಷದ ಲಾರಿ ವ್ಯವಹಾರ. ಪ್ರತಿ ಆಗಸ್ಟಿನಲ್ಲಿ ಅವರ ಅಂಗಳದಲ್ಲೂ ಹಿಂದಿನ ಹುಲ್ಲುಗಾವಲಿನಲ್ಲೂ ಸಿಂಗಾರದ ಲಾರಿಗಳ ಮೇಳ. ಇಡೀ ಫಿನ್ಲೆಂಡಿನ ಮೂಲೆಮೂಲೆಯಿಂದ ತೋಳ ಬರೆಸಿಕೊಂಡ ಲಾರಿ, ಹದ್ದು ಬರೆಸಿಕೊಂಡ ಲಾರಿ, ಬಿಟ್ಟುಹೋದ ಹೆಂಡತಿಯನ್ನು ಬರೆಸಿ ಆಮೇಲೆ ಅವಳಿಗೆ ಮೀಸೆ ಸೇರಿಸಿದ ಲಾರಿ, ಎಲ್ಲವೂ ಬಂದು ಮದುಮಕ್ಕಳ ಹಾಗೆ ಸಾಲಾಗಿ ನಿಲ್ಲುತ್ತವೆ.

ಈ ಸಲ ಆಸ್ಕೊನ ಅಮ್ಮ ಹೆಲ್ವಿ ಒಂದು ಮಾತು ಹೇಳಿದ್ದಳು. ಎಪ್ಪತ್ತನಾಲ್ಕು ವರ್ಷದ ಹೆಲ್ವಿ ಆಫೀಸಿನ ಕುರ್ಚಿಯಲ್ಲಿ ಕೂತು ಮೂವತ್ತೊಂದು ವರ್ಷ.

"ಹೊಸ ಲಾರಿ ಮೇಲೆ ನಮ್ಮಪ್ಪನ ಮುಖ ಬರೆಸು. ಮೇಳದ ದಿನ ಮೂರು ಗಂಟೆಗೆ ನಾನೇ ಹೊದಿಕೆ ಎಳೀತೀನಿ. ಅಪ್ಪ ಅಪ್ಪನ ಹಾಗೇ ಇದ್ರೆ ಅವತ್ತೇ ಕುರ್ಚಿ ನಿನ್ನದು."

ಕುರ್ಚಿ ಎಂದರೆ ಆಸ್ಕೊನಿಗೆ ಅಧಿಕಾರವಲ್ಲ. ಕುರ್ಚಿ ಎಂದರೆ ದಿನವೂ ತನ್ನ ಹಾಸಿಗೆಯಲ್ಲೇ ಮಲಗುವುದು. ನಲವತ್ತೊಂಬತ್ತು ವರ್ಷದ ಬೆನ್ನು ಲಾರಿಯ ಸೀಟಿನ ಆಕಾರಕ್ಕೆ ಬಾಗಿಹೋಗಿತ್ತು. ಸಣ್ಣ ಮಗಳು ಅವನನ್ನು 'ಭಾನುವಾರದ ಅಪ್ಪ' ಎನ್ನುತ್ತಿದ್ದಳು.

ತೊಡಕು ಒಂದೇ. ಅಜ್ಜ ನೀಲೊ ತೀರಿಕೊಂಡದ್ದು ಆಸ್ಕೊ ಹುಟ್ಟುವ ಮುಂಚೆ. ಅಜ್ಜ ಜೀವಮಾನದಲ್ಲಿ ಕ್ಯಾಮೆರಾ ಮುಂದೆ ನಿಂತದ್ದು ಒಂದೇ ಸಲ, ಮೊದಲ ಲಾರಿ ಕೊಂಡ ದಿನ. ಆ ಫೋಟೋದಲ್ಲಿ ಲಾರಿ ಚೆನ್ನಾಗಿ ಬಂದಿತ್ತು. ಪಕ್ಕದಲ್ಲಿ ಕಡಲೆಕಾಯಿಯಷ್ಟು ಮುಖದ ಇಬ್ಬರು ಗಂಡಸರು, ಒಬ್ಬ ಕೊಂಡವನು, ಇನ್ನೊಬ್ಬ ಮಾರಿದವನು. ಒಬ್ಬನ ತಲೆಯಲ್ಲಿ ಟೋಪಿ, ಇನ್ನೊಬ್ಬ ಬರಿತಲೆ. "ಅಪ್ಪನ ತಲೆ ಮೇಲೆ ಟೋಪಿ ಇಲ್ಲದ್ದನ್ನ ಊರಲ್ಲಿ ಕಂಡೋರೇ ಇಲ್ಲ," ಎಂದು ಅಮ್ಮ ಆಗಾಗ ಹೇಳುತ್ತಿದ್ದುದರಿಂದ ಆಸ್ಕೊ ಹಿಂದುಮುಂದು ನೋಡಿರಲಿಲ್ಲ.

ಮೇಳದ ದಿನ ಬೆಳಗ್ಗೆ ಒಂಬತ್ತಕ್ಕೆ ಪಕ್ಕದ ಮನೆಯ ರೇಯ್ನೊ ಮಾಮ ವರ್ಕ್‌ಶಾಪಿನ ಹಿಂದೆ ಪ್ರತ್ಯಕ್ಷನಾದ. ಅರವತ್ತೆಂಟು ವರ್ಷದ ಈ ನಿವೃತ್ತ ಪೋಸ್ಟ್‌ಮ್ಯಾನ್‌ಗೆ ಊರಿನ ಯಾವ ಲಕೋಟೆಯೊಳಗೆ ಏನಿತ್ತು ಎಂಬುದು ಈಗಲೂ ಬಾಯಿಪಾಠ. ಅಲ್ಲಿ ಹೊಸ ಲಾರಿ ಟಾರ್ಪಾಲು ಹೊದ್ದು ನಿಂತಿತ್ತು. ಮಾಮ ಯಾರ ಅಪ್ಪಣೆಗೂ ಕಾಯದೆ ಅದರ ಮೂಲೆ ಎತ್ತಿ ಇಣುಕಿದ.

"ಅಯ್ಯೋ ದೇವರೇ! ಟೋಪಿ ಹಾಕಿದವನನ್ನೇ ಬರೆಸಿದ್ದೀಯಲ್ಲೋ!"

"ಹೌದು ಮಾಮ, ಟೋಪಿ ಹಾಕಿರೋನೇ ಅಜ್ಜ," ಎಂದ ಆಸ್ಕೊ.

"ಅಲ್ವೋ, ಅಜ್ಜನಿಗೆ ಟೋಪಿ ಹಾಕಿದವನು!"

"ಅಜ್ಜನಿಗೆ ಯಾರು ಹಾಕ್ತಾರೆ? ಅವನೇ ಹಾಕ್ಕೊಂಡಿದ್ದ."

"ತಾನಾಗೇ ಯಾರೋ ಟೋಪಿ ಹಾಕಿಸ್ಕೊಳ್ತಾರೆ, ದಡ್ಡ! ವಿಲ್ಯೊ ಕಣೋ, ವಿಲ್ಯೊ! ಲಾರಿ ಮಾರಿದವನು!"

ಆಸ್ಕೊನ ಕೈಯಲ್ಲಿದ್ದ ಏಲಕ್ಕಿ ಬನ್ನು ಕೆಳಗೆ ಬಿತ್ತು. ಆ ಹೆಸರನ್ನು ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಎತ್ತಲೇಬೇಕಾದಾಗ ಅಮ್ಮ 'ಆ ಮನುಷ್ಯ' ಎನ್ನುತ್ತಿದ್ದಳು. ವಿಲ್ಯೊ ಮಾರಿದ ಲಾರಿಯ ಮುಂದಿನ ಗೇರುಗಳೆಲ್ಲ ಎರಡೇ ದಿನದಲ್ಲಿ ಕೈಕೊಟ್ಟು, ರಿವರ್ಸ್ ಒಂದೇ ಉಳಿದಿತ್ತು. ಅಜ್ಜ ಇಡೀ ಒಂದು ವರ್ಷ ಹಾಲಿನ ಕ್ಯಾನುಗಳನ್ನು ಹಿಮ್ಮುಖವಾಗಿಯೇ ಸಾಗಿಸಿದ. ಆ ಲಾರಿಯ ಮುಖ ನೋಡಬೇಕಾದರೆ ಅದು ನಿಮ್ಮನ್ನು ದಾಟಿ ಹೋದಮೇಲೆ ನೋಡಬೇಕಿತ್ತು.

"ನಿಂಗೆ ಹೇಗೆ ಗೊತ್ತು ಮಾಮ?"

"ನಾನಾಗ ಎಂಟು ವರ್ಷದವನು. ಕಣ್ಣಾರೆ ಕಂಡಿದ್ದೀನಿ. ತಗೊಂಬಾ ಫೋಟೋ."

ಆಸ್ಕೊನ ಹೆಂಡತಿ ಸಾತು ಫೋಟೋವನ್ನೂ ಭೂತಗನ್ನಡಿಯನ್ನೂ ತಂದಳು. ಮೂವರೂ ತಲೆಗೆ ತಲೆ ತಾಗಿಸಿ ಬಗ್ಗಿದರು. ಟೋಪಿಯ ಮೇಲೆ ಸಾಸಿವೆಯಷ್ಟು ದೊಡ್ಡದಾಗಿ ಏನೋ ಗುರುತು. ವಿಲ್ಯೊನ ಲಾರಿ ಅಂಗಡಿಯ ಗುರುತು! ಅಂಗಡಿಯ ಟೋಪಿ ಅಂಗಡಿಯವನ ತಲೆಯ ಮೇಲಲ್ಲದೆ ಇನ್ನೆಲ್ಲಿರುತ್ತದೆ? ಅಂದಮೇಲೆ ಬರಿತಲೆಯವನೇ ಅಜ್ಜ.

"ಅತ್ತೇನ ಒಂದ್ ಮಾತು ಕೇಳಿಬಿಡಿ," ಎಂದಳು ಸಾತು.

"ಏನಂತ ಕೇಳ್ಲಿ? ಅರವತ್ತು ವರ್ಷದ ಮನೆತನ ನಡೆಸೋಕೆ ಹೊರಟಿದ್ದೀನಿ, ಅಜ್ಜ ಯಾರು ಅಂತ ಮಾತ್ರ ಗೊತ್ತಿಲ್ಲ ಅಂತಲಾ? ಕುರ್ಚಿ ಅಲ್ಲ, ಸ್ಟೂಲೂ ಸಿಗಲ್ಲ."

ಆದರೂ ಸುತ್ತಿ ಬಳಸಿ ಕೇಳೋಣ ಎಂದು ಕಾಫಿ ಡೇರೆಗೆ ಹೋದ. ಹೆಲ್ವಿ ಬಕೆಟ್ಟಿನಷ್ಟು ದೊಡ್ಡ ಪಾತ್ರೆಯಲ್ಲಿ ಕಾಫಿ ಕಾಯಿಸುತ್ತಿದ್ದಳು.

"ಅಮ್ಮಾ, ಹಿಂದಿನ ಕಾಲದಲ್ಲಿ ಫೋಟೋಕ್ಕೆ ನಿಂತಾಗ ಟೋಪಿ ತೆಗೀತಿದ್ರಾ?"

"ಮರ್ಯಾದಸ್ತರು ತೆಗೀತಿದ್ರು. ಯಾಕೆ?"

"ಏನಿಲ್ಲ. ಅಜ್ಜ ಮರ್ಯಾದಸ್ತನಾ?"

ಹೆಲ್ವಿ ಸೌಟನ್ನು ಮೆಲ್ಲಗೆ ಕೆಳಗಿಟ್ಟಳು. ಆ ಸದ್ದು ಕೇಳಿಯೇ ಆಸ್ಕೊ ಎರಡು ಹೆಜ್ಜೆ ಹಿಂದೆ ಸರಿದ.

"ನಮ್ಮಪ್ಪನಂಥ ಮರ್ಯಾದಸ್ತ ಈ ಬಯಲಲ್ಲಿ ಹುಟ್ಟಿಲ್ಲ. ಹೋಗು, ಮೂರನೇ ಸಾಲಿನ ಕಕ್ಕಸಲ್ಲಿ ಕಾಗದ ಮುಗಿದಿದೆಯಂತೆ."

ಮರ್ಯಾದಸ್ತರು ಟೋಪಿ ತೆಗೆಯುತ್ತಾರೆ, ಅಜ್ಜ ಮರ್ಯಾದಸ್ತ. ಲೆಕ್ಕ ಸರಿಹೋಯಿತು. ಕಕ್ಕಸಿನ ಕಾಗದವನ್ನು ಹೆಗಲಿಗೆ ಹೊತ್ತುಕೊಂಡೇ ಆಸ್ಕೊ ಪೇತ್ರಿಯನ್ನು ಹುಡುಕಲು ಓಡಿದ.

ಪೇತ್ರಿ ಹದ್ದಿನ ಲಾರಿಯ ನೆರಳಲ್ಲಿ ಮಲಗಿದ್ದ. ವಿಷಯ ಕೇಳಿ ಎದ್ದು ಕೂತ.

"ಮೂರು ವಾರ ಬರೆದಿದ್ದೀನಿ. ಅದನ್ನ ಐದು ಗಂಟೆಯಲ್ಲಿ ಇನ್ನೊಬ್ಬನ್ನ ಮಾಡು ಅಂತೀಯಾ?"

"ಟೋಪಿ ಅಳಿಸು. ಬರಿತಲೆಯವನನ್ನ ಮಾಡು. ಅಷ್ಟೆ."

"ಅಷ್ಟೆ!" ಎಂದ ಪೇತ್ರಿ, ಆಕಾಶವನ್ನು ನೋಡುತ್ತಾ. "ನಿಮ್ಮಮ್ಮನ್ನ ಬಿಷಪ್ ಮಾಡು ಅಂದ್ರೂ ಇಷ್ಟು ಕಷ್ಟ ಇರ್ತಿರಲಿಲ್ಲ."

ಸ್ಪ್ರೇ ಗನ್ನು ಬುಸುಗುಟ್ಟತೊಡಗಿತು. ಆಳೆತ್ತರದ ಮುಖದ ಟೋಪಿ ಮಾಯವಾಯಿತು, ಅದರಡಿಯಿಂದ ಹಣೆ ಹೊರಬಂತು. ಕೂದಲು ಎಷ್ಟಿರಬೇಕು ಎಂಬ ಪ್ರಶ್ನೆ ಎದ್ದಿತು. "ಕೊಟ್ಟಿಗೆ ಮೇಲಿನ ಹುಲ್ಲಿನಷ್ಟು," ಎಂದ ರೇಯ್ನೊ ಮಾಮ. ಅಷ್ಟರಲ್ಲಿ ಸಾಸೇಜು ಸುಡುತ್ತಿದ್ದ ಆಸ್ಕೊನ ಚಿಕ್ಕಮ್ಮನ ಮಗಳು ಐಲಾ ಇಕ್ಕಳ ಹಿಡಿದುಕೊಂಡೇ ಬಂದಳು.

"ಇದ್ಯಾವ ಕಿವಿ? ನಮ್ಮ ವಂಶದ ಕಿವಿ ಅಂದ್ರೆ ಕ್ಯಾಬಿನ್ನಿನ ಎರಡೂ ಬಾಗಿಲು ತೆಗೆದಿಟ್ಟ ಹಾಗಿರಬೇಕು. ಆಸ್ಕೊನ ಕಿವಿ ನೋಡು!"

ಎಲ್ಲರೂ ಆಸ್ಕೊನ ಕಿವಿ ನೋಡಿದರು. ಪೇತ್ರಿ ಬಂದು ಅಳತೆಯನ್ನೂ ತೆಗೆದುಕೊಂಡ.

"ಫೋಟೋದಲ್ಲಿ ಹಾಗಿಲ್ವಲ್ಲ," ಎಂದ ಆಸ್ಕೊ ಕ್ಷೀಣವಾಗಿ.

"ಫೋಟೋಕ್ಕೆ ಏನು ಗೊತ್ತು?" ಎಂದು ಐಲಾ ಗದರಿದಳು.

ನಡುವೆ ಧ್ವನಿವರ್ಧಕ ಆಸ್ಕೊನ ಹೆಸರನ್ನು ಕೂಗುತ್ತಲೇ ಇತ್ತು. ತೋಳದ ಲಾರಿಯವನ ಹಾರ್ನಿಗೆ ಹದ್ದಿನ ಲಾರಿಯವನ ಮಗು ಬೆಚ್ಚಿಬಿದ್ದು ಜಗಳವಾಗಿತ್ತು. ಜನರೇಟರು ಕೆಮ್ಮುತ್ತಿತ್ತು. ನಾಲ್ಕನೇ ಸಾಲಿನಲ್ಲೂ ಕಾಗದ ಮುಗಿದಿತ್ತು. ಒಂದೊಂದು ಸಲ ಓಡಿಹೋಗಿ ಹಿಂದಿರುಗಿದಾಗಲೂ ಲಾರಿಯ ಮೇಲೆ ಬೇರೆ ಯಾರೋ ಇರುತ್ತಿದ್ದರು. ಹನ್ನೊಂದಕ್ಕೆ ಅಲ್ಲಿದ್ದವನು ಯಾವುದೋ ಊರಿನ ಶಾಲಾ ಮೇಷ್ಟ್ರು. ಹನ್ನೆರಡಕ್ಕೆ ಹಲ್ಲುನೋವಿನ ಪೊಲೀಸಿನವನು. ಒಂದು ಗಂಟೆಗೆ ಆಸ್ಕೊನಿಗೆ ಅದು ತಾನೇ ಎನ್ನಿಸಿತು.

ಎರಡಕ್ಕೆ ಒದ್ದೆ ವಾರ್ನಿಷ್ ಮೇಲೆ ದೊಡ್ಡ ಸೊಳ್ಳೆಯೊಂದು ಕೂತು, ಎಡಗೆನ್ನೆಯಲ್ಲಿ ಅಂಟಿಕೊಂಡು ಪ್ರಾಣಬಿಟ್ಟಿತು. ಪೇತ್ರಿ ಅದನ್ನು ಕೀಳಲು ಕೈಯೆತ್ತಿದ.

"ಮುಟ್ಟಬೇಡ!" ಎಂದು ಕೂಗಿದ ರೇಯ್ನೊ ಮಾಮ. "ಮಚ್ಚೆ! ನೀಲೊಗೆ ಅಲ್ಲೇ ಒಂದು ಮಚ್ಚೆ ಇತ್ತು! ಈಗ ನೋಡು, ಜೀವ ಬಂತು."

"ಜೀವ ಹೋಗಿದ್ದು ಸೊಳ್ಳೇದು," ಎಂದಳು ಸಾತು.

ಪೇತ್ರಿ ಕೊನೆಗೆ ಎಲ್ಲರನ್ನೂ ಆಚೆಗೆ ದಬ್ಬಿ, ಫೋಟೋ ಒಂದನ್ನೇ ಮುಂದಿಟ್ಟುಕೊಂಡು, ಕಿವಿಗಳನ್ನು ಸಣ್ಣದು ಮಾಡಿ, ಉಳಿದದ್ದನ್ನು ತಿದ್ದಿ ಮುಗಿಸಿದಾಗ ಮೂರಕ್ಕೆ ಐದು ನಿಮಿಷವಿತ್ತು. ಎಷ್ಟೆಂದರೂ ಕಸುಬು ಬಲ್ಲವನು. ಫೋಟೋದ ಬರಿತಲೆಯವನೇ ಎದ್ದು ಬಂದ ಹಾಗಿತ್ತು. ತೆಳ್ಳಗಿನ ತುಟಿ, ಕಣ್ಣಿನ ಮೂಲೆಯಲ್ಲಿ ಒಂದು ನಗು.

"ಅಜ್ಜ ಎಷ್ಟು ಒಳ್ಳೆಯವನ ಹಾಗೆ ಕಾಣ್ತಾನೆ!" ಎಂದ ಆಸ್ಕೊ. ಅವನ ಕಣ್ಣು ತೇವವಾಗಿತ್ತು, ಅರ್ಧ ಭಕ್ತಿಯಿಂದ, ಅರ್ಧ ವಾರ್ನಿಷ್ ವಾಸನೆಯಿಂದ.

ಒದ್ದೆ ಬಣ್ಣಕ್ಕೆ ತಾಗದ ಹಾಗೆ ಟಾರ್ಪಾಲು ಹೊದಿಸಿ ಲಾರಿಯನ್ನು ಅಂಗಳದ ನಡುವೆ ತಂದು ನಿಲ್ಲಿಸಿದರು. ಇನ್ನೂರು ಲಾರಿಗಳು ಒಟ್ಟಿಗೆ ಹಾರ್ನ್ ಹೊಡೆದವು. ಹೆಲ್ವಿ ಚರ್ಚಿಗೆ ಉಡುವ ಉಡುಪಿನಲ್ಲಿ ಬಂದು, ಹಗ್ಗ ಹಿಡಿದು ಎಳೆದಳು. ಟಾರ್ಪಾಲು ಜಾರಿತು.

ಜನ ಚಪ್ಪಾಳೆ ತಟ್ಟಿದರು. ಹೆಲ್ವಿ ತಟ್ಟಲಿಲ್ಲ. ಕೈಚೀಲದಿಂದ ಕನ್ನಡಕ ತೆಗೆದು ಹಾಕಿಕೊಂಡಳು. ಹತ್ತಿರ ಹೋದಳು. ಹಿಂದೆ ಬಂದಳು. ಚಪ್ಪಾಳೆ ಒಂದೊಂದಾಗಿ ಕಳಚಿಬಿತ್ತು.

"ಆಸ್ಕೊ."

"ಏನಮ್ಮ?"

"ಆ ಮನುಷ್ಯ ನಮ್ಮ ಲಾರಿ ಮೇಲೆ ಏನ್ ಮಾಡ್ತಿದ್ದಾನೆ?"

"ಅಮ್ಮಾ, ಇದು ಅಜ್ಜ. ಆ ಮನುಷ್ಯ ಟೋಪಿ ಹಾಕಿದ್ನಲ್ಲ?"

"ಹಾಕಿದ್ದ. ಯಾರಿಗೆ ಹಾಕಿದ್ದ? ನಮ್ಮಪ್ಪನಿಗೆ ಹಾಕಿದ್ದ!" ಹೆಲ್ವಿಯ ದನಿ ಧ್ವನಿವರ್ಧಕವಿಲ್ಲದೆಯೇ ಹುಲ್ಲುಗಾವಲಿನ ಕೊನೆ ಮುಟ್ಟಿತು. "ನಾನೇ ಅಲ್ಲಿ ನಿಂತಿದ್ದೆ, ಹದಿನಾಲ್ಕು ವರ್ಷ ನನಗೆ. ಕೈಕುಲುಕಿ ವ್ಯಾಪಾರ ಮುಗಿದ ಕೂಡಲೆ ಈ ವಿಲ್ಯೊ ತನ್ನ ತಲೆ ಮೇಲಿನ ಟೋಪಿ ತೆಗೆದು, 'ಲಾರಿ ಜೊತೆ ಇದು ಪುಕ್ಕಟೆ ಕಣಪ್ಪ' ಅಂತ ಅಪ್ಪನ ತಲೆಗೆ ಹಾಕಿದ. ಆಮೇಲೆ ಫೋಟೋ ತೆಗೆದ್ರು. ಫೋಟೋದಲ್ಲಿ ಟೋಪಿ ಹಾಕ್ಕೊಂಡು ನಿಂತಿರೋನು ನಮ್ಮಪ್ಪ. ಹಾಕಿದೋನು ಇವನು!"

ಆಸ್ಕೊ ಲಾರಿಯ ಮೇಲಿನ ಬರಿತಲೆಯನ್ನು ಮತ್ತೊಮ್ಮೆ ನೋಡಿದ.

"ಆಮೇಲೆ ಸಾಯೋವರೆಗೂ ಅಪ್ಪ ಆ ಟೋಪಿ ತೆಗೀಲಿಲ್ಲ," ಎಂದಳು ಹೆಲ್ವಿ ಸ್ವಲ್ಪ ತಣ್ಣಗಾಗಿ. "ತಲೆ ಖಾಲಿ ಇದ್ರೆ ತಾನೆ ಇನ್ನೊಬ್ಬ ಬಂದು ಹಾಕೋದು?"

ಆಸ್ಕೊ ರೇಯ್ನೊ ಮಾಮನ ಕಡೆ ತಿರುಗಿದ. ಮಾಮ ಆಗಲೇ ಪಕ್ಕದವನಿಗೆ ಹೇಳುತ್ತಿದ್ದ: "ಬೆಳಗ್ಗೆ ನೋಡಿದ್ದೆ ನಾನು. ಎಷ್ಟು ಚೆನ್ನಾಗಿತ್ತು ನೀಲೊನ ಮುಖ! ಸುಮ್ನೆ ಕೆಡಿಸಿಬಿಟ್ಟ ಹುಡುಗ."

"ಪೇತ್ರಿ, ಅಳಿಸಿಬಿಡೋ, ಈಗ್ಲೇ!" ಎಂದ ಆಸ್ಕೊ.

"ಇನ್ನು ಬರೋ ಆಗಸ್ಟಿಗೇ. ಅಲ್ಲಿವರೆಗೆ ದಿನಾ ಕೆಲಸ ಒಪ್ಕೊಂಡಿದ್ದೀನಿ," ಎಂದ ಪೇತ್ರಿ. ಮತ್ತೆ ನೆರಳು ಹುಡುಕಿಕೊಂಡು ಹೊರಟೂಬಿಟ್ಟ.

ಹೆಲ್ವಿ ಲಾರಿಯ ಸುತ್ತ ಒಂದು ಸುತ್ತು ಹಾಕಿದಳು. ಮುಂದಿನ ಚಕ್ರವನ್ನು ಬೂಟಿನ ತುದಿಯಿಂದ ತಟ್ಟಿದಳು. ಅವಳ ಮುಖದಲ್ಲಿ ನಿಧಾನವಾಗಿ ಏನೋ ಬೆಳಗಿತು. ಅದು ಕ್ಷಮೆಯಂತೂ ಅಲ್ಲ.

"ಬೇಡ, ಇರಲಿ ಬಿಡು. ನಮ್ಮಪ್ಪನ್ನ ಒಂದು ವರ್ಷ ಹಿಮ್ಮುಖ ಓಡಿಸ್ದ. ಈಗ ಒಂದು ವರ್ಷ ಇವನೇ ನಮ್ಮ ಸಾಮಾನು ಹೊರಲಿ. ಮಳೆ, ಮಂಜು, ಕೆಸರು, ಎಲ್ಲ ಇವನ ಮುಖಕ್ಕೇ ಹೊಡೀಲಿ."

ಜನ ಹೋ ಎಂದರು. ಇನ್ನೂರು ಹಾರ್ನು ಮತ್ತೆ ಮೊಳಗಿದವು. ಆಸ್ಕೊ ಕೂಡ ನಕ್ಕ.

"ಹಾಗಾದ್ರೆ ಅಮ್ಮ, ಕುರ್ಚಿ?"

"ಕುರ್ಚಿಗೇನಾಗಿದೆ? ನಾನಿದ್ದೀನಿ."

"ಮತ್ತೆ ಈ ಲಾರಿ ಯಾರು ಓಡಿಸ್ತಾರೆ?"

"ಅವನನ್ನ ಮನೆಗೆ ಕರ್ಕೊಂಡು ಬಂದೋನು."

ಸೋಮವಾರ ಬೆಳಗ್ಗೆ ಆಸ್ಕೊ ಹದಿನೆಂಟು ಟನ್ ಮರದ ಹಲಗೆ ಹೇರಿಕೊಂಡು ಉತ್ತರಕ್ಕೆ ಹೊರಟ. ಶುಕ್ರವಾರಕ್ಕೆ ಮುಂಚೆ ಹಿಂದಿರುಗುವ ಹಾಗಿರಲಿಲ್ಲ. ಸಾತು ಊಟದ ಡಬ್ಬಿಯನ್ನು ಕಿಟಕಿಯಿಂದ ಕೊಟ್ಟಳು. ಗಂಡನ ಮುಖ ನೋಡಿದಳು. ಅದರ ಪಕ್ಕದಲ್ಲೇ ಕ್ಯಾಬಿನ್ನಿನ ಮೇಲೆ ನಗುತ್ತಿದ್ದ ವಿಲ್ಯೊನ ಮುಖವನ್ನೂ ನೋಡಿದಳು.

"ಇಬ್ಬರೂ ಹುಷಾರಾಗಿ ಹೋಗಿಬನ್ನಿ," ಎಂದಳು.